ಹಾಲ್ ಕೊಡುವವರು ಬೇರೆ, ಹೆಗಲು ಕೊಡುವವರು ಬೇರೆ: ಬಾಹ್ಯಾಕಾಶ ವಿಜ್ಞಾನ ಸಮ್ಮೇಳನಕ್ಕೆ ಜೊತೆಗಾರ ಸಂಸ್ಥೆ ಆರಿಸುವಾಗ

ಕೆಲವು ವರ್ಷಗಳ ಹಿಂದಿನ ಮಾತು. ಸೂರ್ಯನ ಅಧ್ಯಯನದ ಮೇಲೆ ಸುಮಾರು ನೂರು ಜನರ ಒಂದು ಸಮ್ಮೇಳನ. ನಾನು ಸ್ಥಳೀಯ ಸಮಿತಿಯಲ್ಲಿದ್ದೆ. ಜೊತೆಗೆ ನಿಂತ ಸಂಸ್ಥೆ ಒಳ್ಳೇ ಸಭಾಂಗಣ ಕೊಟ್ಟಿತ್ತು. ಎಸಿ ಚೆನ್ನಾಗಿತ್ತು, ಪ್ರೊಜೆಕ್ಟರ್ ಹೊಸದು, ಕಾಫಿ ಕೂಡ ಮೆಷಿನ್ ಕಾಫಿಯಲ್ಲ, ಫಿಲ್ಟರ್ ಕಾಫಿ. ಇನ್ನೇನು ಬೇಕು ಅಂದುಕೊಂಡೆವು. ಐದು ವಾರ ಬಾಕಿ ಇರುವಾಗ ಹೊರದೇಶದ ಉಪನ್ಯಾಸಕರೊಬ್ಬರ ಮೇಲ್ ಬಂತು. ವೀಸಾ ಅರ್ಜಿಗೆ ಸಮ್ಮೇಳನದ ಸರ್ಕಾರಿ ಅನುಮತಿ ಪತ್ರ ಬೇಕಂತೆ, ದಯವಿಟ್ಟು ಕಳಿಸಿ ಅಂತ. ಆ ಅನುಮತಿಗೆ ಅರ್ಜಿ ಹಾಕಿದವರು ಯಾರು? ಸಂಸ್ಥೆಯವರು ಹಾಕಿರುತ್ತಾರೆ ಅಂತ ನಾವು. ಸಮಿತಿಯವರು ಹಾಕಿರುತ್ತಾರೆ ಅಂತ ಅವರು. ಕೊನೆಗೆ ಏಳು ಜನ ಪರದೆಯ ಮೇಲಿಂದಲೇ ಮಾತಾಡಿದರು. ಫಿಲ್ಟರ್ ಕಾಫಿ ಮಿಕ್ಕಿತು.

ಅವತ್ತಿನಿಂದ ಜೊತೆಗಾರ ಸಂಸ್ಥೆ ಹುಡುಕುವಾಗ ಸಭಾಂಗಣದ ವಿಷಯವನ್ನು ನಾನು ಕೊನೆಗೆ ಎತ್ತುತ್ತೇನೆ. ಮೊದಲು ಕೇಳುವುದು ಬೇರೆ. ಪತ್ರಗಳಿಗೆ ಯಾರ ಸಹಿ? ದುಡ್ಡು ಬಂದು ಬೀಳುವುದು ಯಾರ ಖಾತೆಗೆ? ಜನ ಮಲಗುವುದೆಲ್ಲಿ? ಓಡಾಡಲು ಯಾರ ಹುಡುಗರು? ಸಮ್ಮೇಳನ ನಿಂತುಹೋದರೆ ನಷ್ಟ ಯಾರ ತಲೆಗೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಸಂಸ್ಥೆ ಎಂಥದ್ದು ಅಂತ ಗೊತ್ತಾಗಿಬಿಡುತ್ತೆ.

ಇನ್ನೊಂದು ಮಾತು. ಎಷ್ಟು ಜನ ಬರುತ್ತಾರೆ ಅನ್ನುವುದು ತಿಳಿಯದೆ ಯಾರ ಬಾಗಿಲನ್ನೂ ತಟ್ಟಬೇಡಿ. ನಾನು ಇದನ್ನು ನಾಮಕರಣ, ಮದುವೆ, ಜಾತ್ರೆ ಅಂತ ಮೂರು ಅಳತೆ ಮಾಡಿಕೊಂಡಿದ್ದೇನೆ. 60ರಿಂದ 100 ಜನರ ಕಾರ್ಯಾಗಾರ ನಾಮಕರಣ. ನಾಲ್ಕೈನೂರು ಜನರ ವಾರ್ಷಿಕ ಸಭೆ ಮದುವೆ. ಸಾವಿರಗಟ್ಟಲೆ ಜನ, ಹತ್ತಾರು ದೇಶ, ಒಂದೇ ಹೊತ್ತಿಗೆ ಹತ್ತಿಪ್ಪತ್ತು ಕೋಣೆಗಳಲ್ಲಿ ಭಾಷಣ ಅಂದರೆ ಅದು ಜಾತ್ರೆ. ನಾಮಕರಣಕ್ಕೆ ಸರಿಹೋಗುವ ಜೊತೆಗಾರರು ಜಾತ್ರೆಗೆ ಆಗುವುದಿಲ್ಲ. ಜಾತ್ರೆ ಮಾಡಿಸುವವರನ್ನು ನಾಮಕರಣಕ್ಕೆ ಕರೆದರೆ ಖರ್ಚು ಜಾಸ್ತಿ, ಆದರ ಕಡಿಮೆ.

ಸಂಶೋಧನಾ ಸಂಸ್ಥೆಗಳು

ನಾಮಕರಣದ ಅಳತೆಗೆ ಇವರೇ ಸರಿ. ಆದರೆ ಎಲ್ಲ ಸಂಶೋಧನಾ ಸಂಸ್ಥೆಗಳೂ ಒಂದೇ ಥರ ಅಂದುಕೊಂಡರೆ ಎಡವುತ್ತೀರಿ.

ಬೆಂಗಳೂರನ್ನೇ ತೆಗೆದುಕೊಳ್ಳಿ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಐಸಿಟಿಎಸ್ ಇದೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರ. ಇಂಥ ಸಭೆ, ಕಾರ್ಯಾಗಾರ ನಡೆಸುವುದೇ ಅದರ ಮುಖ್ಯ ಕೆಲಸಗಳಲ್ಲೊಂದು. ಹೊರಗಿನ ವಿಜ್ಞಾನಿಗಳೂ ಪ್ರಸ್ತಾವ ಸಲ್ಲಿಸಬಹುದು. ವಿಷಯ ಪರಿಶೀಲನೆಯಲ್ಲಿ ಪಾಸಾದರೆ ಸಭಾಂಗಣ, ಗೆಸ್ಟ್ ಹೌಸ್, ಊಟ ಎಲ್ಲ ಒಂದೇ ಆವರಣದಲ್ಲಿ. ಭಾಷಣಗಳು ರೆಕಾರ್ಡ್ ಆಗಿ ಯೂಟ್ಯೂಬಿಗೂ ಹೋಗುತ್ತವೆ. ಅಲ್ಲಿ ಇದನ್ನೇ ಮಾಡುವ ಸಿಬ್ಬಂದಿ ಇದ್ದಾರೆ ಅನ್ನುವುದು ದೊಡ್ಡ ವಿಷಯ. ನಿಮ್ಮ ಸಮ್ಮೇಳನ ಅವರಿಗೆ ಹೆಚ್ಚುವರಿ ತಲೆನೋವಲ್ಲ, ದಿನದ ಕೆಲಸ. ತೊಂದರೆ ಎರಡು. ಒಂದು, ವಿಷಯದಲ್ಲಿ ಗಟ್ಟಿತನ ಇರಬೇಕು, ಸುಮ್ನೆ ನಾಲ್ಕು ಜನ ಸೇರುವ ಸಭೆಗೆ ಅಲ್ಲಿ ಜಾಗವಿಲ್ಲ. ಇನ್ನೊಂದು, ಜಾಗ ನಗರದಿಂದ ದೂರ. ಐದು ದಿನ ಅಲ್ಲೇ ಕೂತು ಕೆಲಸ ಮಾಡುವವರಿಗೆ ಅದು ವರ. ಸಂಜೆ ಕೋರಮಂಗಲಕ್ಕೆ ಹೋಗಿ ಬರ್ತೀವಿ ಅನ್ನುವವರಿಗೆ ಶಾಪ.

ಪುಣೆಯ ಐಯುಕಾದ ರೀತಿ ಬೇರೆ. 1988ರಲ್ಲಿ ಜಯಂತ ನಾರ್ಳೀಕರ್ ಅವರ ನೇತೃತ್ವದಲ್ಲಿ ಶುರುವಾದ ಕೇಂದ್ರ ಅದು. ದೇಶದ ವಿಶ್ವವಿದ್ಯಾಲಯಗಳಲ್ಲಿ ಖಗೋಳ ವಿಜ್ಞಾನ ಬೆಳೆಸುವುದೇ ಹುಟ್ಟಿನ ಉದ್ದೇಶ. ಹಾಗಾಗಿ ಐಯುಕಾ ನಿಮ್ಮನ್ನು ಪುಣೆಗೆ ಕರೆಸಿಕೊಳ್ಳುವುದಷ್ಟೇ ಅಲ್ಲ, ನಿಮ್ಮ ಊರಿನ ಕಾಲೇಜಿಗೂ ಬರುತ್ತೆ. ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಕಾರ್ಯಾಗಾರಗಳಿಗೆ ನೆರವು ಕೊಡುತ್ತೆ, ಪಾಠ ಮಾಡುವವರನ್ನು ಕಳಿಸುತ್ತೆ. ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಭೌತಶಾಸ್ತ್ರ ವಿಭಾಗದಲ್ಲಿದ್ದು, ಮೊದಲ ಸಲ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಮೊದಲು ಹೇಳುವ ಹೆಸರೇ ಇದು. ನಿಮ್ಮ ವಿಭಾಗದಲ್ಲಿ ಐಯುಕಾದ ವಿಸಿಟಿಂಗ್ ಅಸೋಸಿಯೇಟ್ (ಆಗಾಗ ಅಲ್ಲಿಗೆ ಹೋಗಿ ಸಂಶೋಧನೆ ಮಾಡುವ ಅಧ್ಯಾಪಕರು) ಒಬ್ಬರಿದ್ದರೆ ಅರ್ಧ ದಾರಿ ಮುಗಿದ ಹಾಗೆ.

ಮೂರನೆಯದು, ವಿಷಯಕ್ಕೇ ನಂಟಿರುವ ಸಂಸ್ಥೆ. ಸೂರ್ಯನ ಮೇಲೆ ಸಮ್ಮೇಳನ ಅಂದರೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. 1899ರಿಂದ ನಡೆಯುತ್ತಿರುವ ಕೊಡೈಕೆನಾಲ್ ಸೌರ ವೀಕ್ಷಣಾಲಯ ಅವರದೇ. ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ-ಎಲ್1 ನೌಕೆಯಲ್ಲಿ, ಸೂರ್ಯನ ಹೊರವಲಯವನ್ನು ನೋಡುವ ವಿಇಎಲ್‌ಸಿ ಉಪಕರಣ ಕಟ್ಟಿದವರೂ ಅವರೇ. ರೇಡಿಯೋ ಖಗೋಳಕ್ಕೆ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಗ್ರಹಗಳ ವಿಜ್ಞಾನಕ್ಕೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್. ಇಲ್ಲಿ ನಿಮಗೆ ಸಿಗುವ ದೊಡ್ಡ ಲಾಭ ಜನ. ಭಾಷಣಕಾರರಲ್ಲಿ ಮೂರನೇ ಒಂದು ಭಾಗ ಅದೇ ಕಟ್ಟಡದಲ್ಲಿರುತ್ತಾರೆ. ಪಿಎಚ್‌ಡಿ ಮಕ್ಕಳು ವಿಷಯ ತಿಳಿದವರು, ಅವರೇ ನಿಮ್ಮ ಓಡಾಟದ ಸೈನ್ಯ. ಆದರೆ ಗೆಸ್ಟ್ ಹೌಸ್ ಕೋಣೆಗಳು ಎಣಿಕೆಯವು. ನೂರರ ಗಡಿ ದಾಟಿದರೆ ಹೋಟೆಲು, ಹೋಟೆಲಿದ್ದರೆ ಬಸ್ಸು, ಬಸ್ಸಿದ್ದರೆ ಬೆಂಗಳೂರಿನ ಟ್ರಾಫಿಕ್. ಒಂಬತ್ತೂವರೆಯ ಮೊದಲ ಭಾಷಣಕ್ಕೆ ಅರ್ಧ ಸಭೆ ಸಿಲ್ಕ್ ಬೋರ್ಡ್ ಹತ್ತಿರ ಕೂತಿರುತ್ತೆ.

ಇಸ್ರೋ ಜೊತೆಗಿದ್ದರೆ

ಬಾಹ್ಯಾಕಾಶ ಅಂದ ಕೂಡಲೇ ಎಲ್ಲರೂ ಮೊದಲು ನೆನೆಸಿಕೊಳ್ಳುವುದು ಇಸ್ರೋವನ್ನೇ. ತಪ್ಪಲ್ಲ. ಆದರೆ ಯಾವ ಕೆಲಸಕ್ಕೆ ಕರೆಯುತ್ತೀರಿ ಅನ್ನುವುದು ಸ್ಪಷ್ಟವಿರಬೇಕು.

ಇಸ್ರೋ ಕೇಂದ್ರದ ಒಳಗೇ ಸಮ್ಮೇಳನ ಇಟ್ಟರೆ ಗೇಟಿನ ಹತ್ತಿರವೇ ಸಮಯ ಹೋಗುತ್ತೆ. ಭದ್ರತೆಯ ಜಾಗ, ಅದು ಸಹಜ. ಮೊಬೈಲು, ಲ್ಯಾಪ್‌ಟಾಪು, ವಿದೇಶಿ ಪಾಸ್‌ಪೋರ್ಟು ಎಲ್ಲಕ್ಕೂ ಮೊದಲೇ ಪಟ್ಟಿ ಕೊಡಬೇಕು. ಕೊನೇ ಗಳಿಗೆಯಲ್ಲಿ ಹೆಸರು ಸೇರಿಸುವ ನಮ್ಮ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಇಸ್ರೋದವರೇ ಇದಕ್ಕೆ ಒಂದು ಒಳ್ಳೇ ದಾರಿ ತೋರಿಸಿದ್ದಾರೆ. ರಾಷ್ಟ್ರೀಯ ಬಾಹ್ಯಾಕಾಶ ವಿಜ್ಞಾನ ವಿಚಾರ ಸಂಕಿರಣ ಅಂತ ಒಂದಿದೆ, ಎನ್‌ಎಸ್‌ಎಸ್‌ಎಸ್ ಅಂತ ಕರೆಯುತ್ತಾರೆ. ಹಿಂದೆ ಇಸ್ರೋ, ಮುಂದೆ ಒಂದು ವಿಶ್ವವಿದ್ಯಾಲಯ. 2014ರಲ್ಲಿ ದಿಬ್ರುಗಢ, 2019ರಲ್ಲಿ ಪುಣೆ, 2024ರಲ್ಲಿ ಗೋವಾ ವಿಶ್ವವಿದ್ಯಾಲಯ. ಕ್ಯಾಂಪಸ್ಸು ತೆರೆದಿರುತ್ತೆ, ವಿದ್ಯಾರ್ಥಿಗಳು ಒಳಗೆ ಬಂದು ಕೂರುತ್ತಾರೆ, ವಿಜ್ಞಾನಿಗಳು ಅವರ ಹತ್ತಿರವೇ ಹೋಗುತ್ತಾರೆ. ನೀವೂ ಇದೇ ಜೋಡಿಯನ್ನು ಸಣ್ಣದಾಗಿ ಮಾಡಬಹುದು. ಇಸ್ರೋದಿಂದ ಭಾಷಣಕಾರರು, ಹಣದ ನೆರವು. ವಿಶ್ವವಿದ್ಯಾಲಯದಿಂದ ಜಾಗ, ಜನ. ಸಮ್ಮೇಳನಗಳಿಗೆ ನೆರವು ಕೊಡುವ ವ್ಯವಸ್ಥೆ ಇಸ್ರೋದಲ್ಲಿದೆ, ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹಣ ಕೊಡುವ ಅವರ ರೆಸ್ಪಾಂಡ್ ಕಾರ್ಯಕ್ರಮದವರನ್ನು ವಿಚಾರಿಸಿ. ಆ ದುಡ್ಡು ಪೂರ್ತಿ ಖರ್ಚಿಗೆ ಸಾಲುತ್ತೆ ಅಂತ ಲೆಕ್ಕ ಹಾಕಬೇಡಿ. ಆದರೆ ಆಹ್ವಾನ ಪತ್ರಿಕೆಯ ಮೇಲೆ ಇಸ್ರೋ ಹೆಸರು ಬಂದರೆ ಮಿಕ್ಕ ಬಾಗಿಲುಗಳು ತೆರೆದುಕೊಳ್ಳುತ್ತವೆ. ಅದರ ಬೆಲೆ ಚೆಕ್ಕಿನ ಮೊತ್ತಕ್ಕಿಂತ ಜಾಸ್ತಿ.

ವಿಶ್ವವಿದ್ಯಾಲಯ, ಐಐಟಿ, ಎನ್ಐಟಿ

ಮದುವೆಯ ಅಳತೆಗೆ ಇವರನ್ನು ಬಿಟ್ಟರೆ ಗತಿಯಿಲ್ಲ ಅನ್ನಬಹುದು. ಭಾರತೀಯ ಖಗೋಳ ವಿಜ್ಞಾನ ಸಂಘದ ವಾರ್ಷಿಕ ಸಭೆ ಇತ್ತೀಚೆಗೆ ಎಲ್ಲೆಲ್ಲಿ ನಡೆದಿದೆ ನೋಡಿ. 2023ರಲ್ಲಿ ಇಂದೋರ್ ಐಐಟಿ, 2025ರಲ್ಲಿ ರೂರ್ಕೆಲಾ ಎನ್ಐಟಿ. 2022ರಲ್ಲಿ ರೂರ್ಕಿ ಐಐಟಿ ಮತ್ತು ನೈನಿತಾಲಿನ ಏರೀಸ್ ಜೊತೆಯಾಗಿ ಹೊಣೆ ಹೊತ್ತವು. ಈ ಕೊನೆಯ ಜೋಡಿ ನನಗೆ ತುಂಬಾ ಇಷ್ಟ. ಏರೀಸ್ ಬೆಟ್ಟದ ಮೇಲಿನ ವೀಕ್ಷಣಾಲಯ, ಅಲ್ಲಿ ವಿಷಯ ಗೊತ್ತಿರುವವರು ಇದ್ದಾರೆ. ರೂರ್ಕಿಯಲ್ಲಿ ಸಭಾಂಗಣ, ಹಾಸ್ಟೆಲು, ಮೆಸ್ಸು ಇವೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಜೋಡಿ. ಜೊತೆಗಾರರನ್ನು ಹುಡುಕುವುದು ಅಂದರೆ ಇದೇ ಅಲ್ವಾ?

ವಿಶ್ವವಿದ್ಯಾಲಯದಲ್ಲಿ ನೋಡಬೇಕಾದ್ದು ಕ್ಯಾಲೆಂಡರು. ಹಾಸ್ಟೆಲ್ ಕೋಣೆ ಬೇಕಾದರೆ ರಜೆಯಿರಬೇಕು. ಸ್ವಯಂಸೇವಕರು ಬೇಕಾದರೆ ರಜೆಯಿರಬಾರದು. ಈ ಎಳೆದಾಟ ಎಲ್ಲ ಕಡೆಯೂ ಇದ್ದದ್ದೇ. ಸೆಮಿಸ್ಟರ್ ಶುರುವಾಗಿ ಪರೀಕ್ಷೆ ಇನ್ನೂ ದೂರವಿರುವ ವಾರಗಳನ್ನು ಹಿಡಿಯಿರಿ, ಕೋಣೆಗೆ ಗೆಸ್ಟ್ ಹೌಸ್ ಜೊತೆ ಹತ್ತಿರದ ಹೋಟೆಲನ್ನೂ ಮಾತಾಡಿಕೊಳ್ಳಿ.

ವಿದೇಶಿಯರನ್ನು ಹಾಸ್ಟೆಲಿನಲ್ಲಿ ಇಳಿಸುವುದಾದರೆ ಒಂದು ಸಣ್ಣ ಕೆಲಸವನ್ನು ಮರೆಯಬೇಡಿ. ಅವರು ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ಮಾಹಿತಿ ಹೋಗಬೇಕು. ಜನ ಇದನ್ನು ಸಿ ಫಾರ್ಮ್ ಅನ್ನುತ್ತಾರೆ. ಹೋಟೆಲಿನವರಿಗೆ ಇದು ದಿನದ ರೂಢಿ. ಹಾಸ್ಟೆಲ್ ವಾರ್ಡನ್‌ಗೆ ಆ ಹೆಸರೇ ಹೊಸದಿರಬಹುದು. ಮೊದಲ ಭೇಟಿಯಲ್ಲೇ ಕೇಳಿ.

ಇನ್ನು ಖರೀದಿ. ಸರ್ಕಾರಿ ಸಂಸ್ಥೆ ಅಂದಮೇಲೆ ಬ್ಯಾಗು, ಪೆನ್ನು, ಬ್ಯಾಡ್ಜು, ಶಾಮಿಯಾನ, ಊಟ ಎಲ್ಲಕ್ಕೂ ಕೊಟೇಷನ್ನು, ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲು, ಟಿಪ್ಪಣಿ, ಸಹಿ. ಬೈಯುವವರು ಬೈಯಲಿ, ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ, ಸಾರ್ವಜನಿಕರ ದುಡ್ಡು ಅದು. ಆದರೆ ಅದಕ್ಕೆ ಬೇಕಾದ ಸಮಯ ಬಿಡಬೇಕು. ಪೋಸ್ಟರ್ ಬೋರ್ಡ್ ಬೇಕು ಅಂತ ಹದಿನೈದು ದಿನ ಮೊದಲು ನೆನಪಾದರೆ ಪೋಸ್ಟರುಗಳು ಕಿಟಕಿ ಗಾಜಿಗೆ ಅಂಟುತ್ತವೆ. ನಮ್ಮವು ಅಂಟಿದ್ದವು.

ಜಾತ್ರೆಯ ಲೆಕ್ಕ

ಕನ್ನಡ ನಾಡಿನಲ್ಲಿ ಬಾಹ್ಯಾಕಾಶ ವಿಜ್ಞಾನದ ದೊಡ್ಡ ಜಾತ್ರೆ ಮೂರು ಸಲ ನಡೆದಿದೆ. ಕೋಸ್ಪಾರ್ ಅನ್ನುವ ಅಂತಾರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಮಿತಿಯ ಸಭೆ 1979ರಲ್ಲಿ ಬೆಂಗಳೂರಿಗೆ ಬಂತು. ಬಾಹ್ಯಾಕಾಶ ಯಾನದವರು ಸೇರುವ ಅಂತಾರಾಷ್ಟ್ರೀಯ ಅಸ್ಟ್ರೊನಾಟಿಕಲ್ ಕಾಂಗ್ರೆಸ್ 1988ರಲ್ಲಿ ಬೆಂಗಳೂರಿನಲ್ಲೇ ಸೇರಿತು. ಆಮೇಲೆ 2012ರ ಜುಲೈ 14ರಿಂದ 22ರವರೆಗೆ ಕೋಸ್ಪಾರ್‌ನ 39ನೇ ವಿಜ್ಞಾನ ಸಭೆ ಮೈಸೂರಿನಲ್ಲಿ ನಡೆಯಿತು, ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ.

ಈ ಮೈಸೂರಿನ ಆಯ್ಕೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಫ್ಟ್‌ವೇರ್ ಕಂಪನಿಗೂ ಬಾಹ್ಯಾಕಾಶ ವಿಜ್ಞಾನಕ್ಕೂ ಏನು ಸಂಬಂಧ ಅನ್ನಿಸಬಹುದು. ಕೋಸ್ಪಾರ್‌ನಲ್ಲಿ ಭೂಮಿಯ ವಾತಾವರಣದಿಂದ ಹಿಡಿದು ದೂರದ ಗೆಲಾಕ್ಸಿಗಳವರೆಗೆ, ಆಕಾಶದಲ್ಲಿ ಜೀವಿಗಳ ಅಧ್ಯಯನದವರೆಗೆ ಎಂಟು ಆಯೋಗಗಳಿವೆ. ಎಲ್ಲದರ ಗೋಷ್ಠಿಗಳೂ ಒಟ್ಟೊಟ್ಟಿಗೆ ನಡೆಯಬೇಕು. ಅಂದರೆ ಒಂದು ಭಾರೀ ಸಭಾಂಗಣಕ್ಕಿಂತ ಹತ್ತಾರು ಮಧ್ಯಮ ಕೋಣೆಗಳು ಮುಖ್ಯ, ಅದೂ ನಡೆದು ಹೋಗುವಷ್ಟು ಹತ್ತಿರದಲ್ಲಿ. ಆ ಕ್ಯಾಂಪಸ್ಸು ಕಟ್ಟಿದ್ದೇ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತರಬೇತಿ ಕೊಡಲು. ಪಾಠದ ಕೋಣೆಗಳು, ಉಳಿಯುವ ಕೋಣೆಗಳು, ಊಟದ ಮನೆಗಳು ಒಂದೇ ಕಾಂಪೌಂಡಿನಲ್ಲಿವೆ. ಐಷಾರಾಮಿ ಹೋಟೆಲಿನ ಒಂದು ಬಾಲ್‌ರೂಮು ಈ ಕೆಲಸಕ್ಕೆ ಬರುತ್ತಿರಲಿಲ್ಲ. ಜಾಗ ಮಾತ್ರ ಕಂಪನಿಯದು. ವಿಜ್ಞಾನದ ಹೊಣೆ, ಸರ್ಕಾರದ ಜೊತೆಗಿನ ವ್ಯವಹಾರ ಹೊರುವ ಹೆಗಲು ಇಸ್ರೋದ್ದು. ಹಾಲ್ ಕೊಡುವವರೇ ಬೇರೆ, ಹೆಗಲು ಕೊಡುವವರೇ ಬೇರೆ ಅಂತ ಮೊದಲೇ ಒಪ್ಪಿಕೊಂಡರೆ ಇಂಥ ಜೋಡಿ ಚೆನ್ನಾಗಿ ನಡೆಯುತ್ತೆ. ನಮ್ಮ ನೂರು ಜನರ ಸಮ್ಮೇಳನದಲ್ಲಿ ಆದ ಎಡವಟ್ಟು ಇದೇ, ಹಾಲ್ ಕೊಟ್ಟವರನ್ನೇ ಹೆಗಲು ಅಂದುಕೊಂಡಿದ್ದೆವು.

ತುಮಕೂರು ರಸ್ತೆಯ ಬಿಐಇಸಿಯಂಥ ಪ್ರದರ್ಶನ ಕೇಂದ್ರಗಳೂ ಇವೆ. ಬೆಂಗಳೂರು ಸ್ಪೇಸ್ ಎಕ್ಸ್‌ಪೋ ನಡೆದದ್ದು ಅಲ್ಲಿ, ಅದನ್ನು ಉದ್ಯಮಗಳ ಒಕ್ಕೂಟ ಸಿಐಐ ಇಸ್ರೋ ಜೊತೆ ಸೇರಿ ಮಾಡುತ್ತೆ. ಕಂಪನಿಗಳು ಸ್ಟಾಲು ಹಾಕಬೇಕು, ರಾಕೆಟ್ ಮಾದರಿ ನಿಲ್ಲಿಸಬೇಕು ಅಂದರೆ ಅದು ಸರಿಯಾದ ಜಾಗ, ಸಿಐಐ ಸರಿಯಾದ ಜೊತೆಗಾರ. ಗೆಲಾಕ್ಸಿ ರೋಹಿತದ ಬಗ್ಗೆ ತಲೆ ಕೆಡಿಸಿಕೊಳ್ಳುವ ಎಂಬತ್ತು ಜನರಿಗೆ ಅಲ್ಲ.

ಜಾಗತಿಕ ಸಂಘಗಳ ಹೆಸರು

ಕೋಸ್ಪಾರ್, ಐಎಯು (ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ), ಐಎಎಫ್ (ಅಸ್ಟ್ರೊನಾಟಿಕಲ್ ಕಾಂಗ್ರೆಸ್ ನಡೆಸುವ ಅಂತಾರಾಷ್ಟ್ರೀಯ ಒಕ್ಕೂಟ) ಇವರನ್ನು ಜೊತೆಗಾರರು ಅನ್ನುವುದಕ್ಕಿಂತ ಉತ್ಸವ ಮೂರ್ತಿ ಅನ್ನಬಹುದು. ಹೆಸರು, ನಿಯಮ, ವಿಜ್ಞಾನಿಗಳ ಬಳಗ ಸಿಗುತ್ತೆ. ಪಲ್ಲಕ್ಕಿ ಹೊರುವವರು ನೀವೇ. ಅಸ್ಟ್ರೊನಾಟಿಕಲ್ ಕಾಂಗ್ರೆಸ್ಸನ್ನು ಕರೆಯಲು ಐಎಎಫ್ ಸದಸ್ಯ ಸಂಸ್ಥೆಯೇ ಮುಂದೆ ಬರಬೇಕು. 2007ರಲ್ಲಿ ಅದು ಹೈದರಾಬಾದಿಗೆ ಬಂದಾಗ ಭಾರತೀಯ ಅಸ್ಟ್ರೊನಾಟಿಕಲ್ ಸೊಸೈಟಿ, ಇಸ್ರೋ ಜೊತೆಗಿದ್ದವು. ಊರು ಯಾವುದು ಅಂತ ಮೂರು ವರ್ಷ ಮೊದಲೇ ತೀರ್ಮಾನ ಆಗುತ್ತೆ. ಮಧ್ಯಮ ಅಳತೆಯವರಿಗೆ ಐಎಯು ಸಿಂಪೋಸಿಯಂಗಳು ಒಳ್ಳೇ ಅವಕಾಶ. ಪ್ರಸ್ತಾವ ಗೆದ್ದರೆ ಪ್ರಯಾಣಕ್ಕೆ ಸ್ವಲ್ಪ ನೆರವೂ ಸಿಗುತ್ತೆ.

ಇವರ ಜೊತೆ ಕೂರುವಾಗ ಇಸ್ತಾಂಬುಲ್ ನೆನಪಿರಲಿ. ಕೋಸ್ಪಾರ್‌ನ 41ನೇ ಸಭೆ ಅಲ್ಲಿ 2016ರ ಜುಲೈ 30ಕ್ಕೆ ಶುರುವಾಗಬೇಕಿತ್ತು. ಜುಲೈ 15ರ ರಾತ್ರಿ ಟರ್ಕಿಯಲ್ಲಿ ಸೇನಾ ದಂಗೆಯ ಯತ್ನ ನಡೆಯಿತು, ಸಭೆ ರದ್ದಾಯಿತು. 2020ರಲ್ಲಿ ಸಿಡ್ನಿಯದು ಕೋವಿಡ್ಡಿನಿಂದ 2021ಕ್ಕೆ ಹೋಯಿತು. ಯಾರ ತಪ್ಪೂ ಅಲ್ಲ. ಆದರೆ ಹೋಟೆಲಿಗೆ ಕೊಟ್ಟ ಮುಂಗಡ, ಜನ ಕಟ್ಟಿದ ಫೀಸು, ತೆಗೆದ ಟಿಕೆಟ್ಟು ಇವೆಲ್ಲ ಯಾರ ಹೊಣೆ ಅಂತ ಮೊದಲೇ ಕಾಗದದಲ್ಲಿ ಬರೆದಿರಬೇಕು. ಸಣ್ಣ ಸಮ್ಮೇಳನಕ್ಕೂ ಇದೇ ಮಾತು. ಬಂದ್ ಇದ್ದರೆ ಏನು? ಪ್ರವಾಹ ಬಂದರೆ ಏನು? ಒಪ್ಪಂದದಲ್ಲಿ ಒಂದು ಪ್ಯಾರಾ ಸಾಕು.

ಸಹಿ ಮತ್ತು ಖಾತೆ

ಮತ್ತೆ ಆ ಏಳು ಜನರ ಕತೆಗೆ ಬರುತ್ತೇನೆ. ಹೊರದೇಶದವರು ಬರುವ ಸಮ್ಮೇಳನ ಅಂದರೆ ವಿದೇಶಾಂಗ ಸಚಿವಾಲಯದ ಅನುಮತಿ, ಗೃಹ ಸಚಿವಾಲಯದ ಅನುಮತಿ, ಬರುವವರಿಗೆ ಕಾನ್ಫರೆನ್ಸ್ ವೀಸಾ. ಕೆಲವು ದೇಶಗಳವರಿಗೆ ಇನ್ನೂ ಹೆಚ್ಚಿನ ಪರಿಶೀಲನೆ. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ್ದನ್ನೇ ನೋಡಿ. ಜೊತೆಗಾರರ ಹೋಲಿಕೆ ಇಲ್ಲಿ ಚೆನ್ನಾಗಿ ತಿಳಿಯುತ್ತೆ. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಯಾವ ಸಚಿವಾಲಯದ ಮೂಲಕ ಹೋಗಬೇಕು ಅಂತ ಗೊತ್ತಿರುತ್ತೆ, ಫೈಲು ಓಡಿಸುವ ಒಬ್ಬರು ಇದ್ದೇ ಇರುತ್ತಾರೆ. ರಾಜ್ಯದ ವಿಶ್ವವಿದ್ಯಾಲಯಕ್ಕೋ ಖಾಸಗಿ ಕಾಲೇಜಿಗೋ ಇದು ಮೊದಲ ಸಲ ಆಗಿರಬಹುದು. ಹಾಗಂತ ಅವರನ್ನು ಬಿಡಬೇಕಿಲ್ಲ. ಜಾಗ ಅವರದಿರಲಿ, ಅನುಮತಿಯ ಕೆಲಸ ಅಭ್ಯಾಸವಿರುವ ಇನ್ನೊಂದು ಸಂಸ್ಥೆಗಿರಲಿ. ಆದರೆ ಅರ್ಜಿ ಹಾಕುವ ಸಂಸ್ಥೆಯ ಹೆಸರೇ ಆಹ್ವಾನ ಪತ್ರದಲ್ಲೂ ಇರಲಿ. ಎರಡು ಕಡೆ ಎರಡು ಹೆಸರಿದ್ದರೆ ರಾಯಭಾರ ಕಚೇರಿಯಲ್ಲಿ ಪ್ರಶ್ನೆ ಏಳುತ್ತೆ.

ಖಾತೆಯ ವಿಷಯದಲ್ಲೂ ಹಾಗೇ. ಹೊರದೇಶದ ಕಂಪನಿಯೋ ಪ್ರತಿಷ್ಠಾನವೋ ದೇಣಿಗೆ ಕೊಡುತ್ತೆ ಅಂದರೆ ಅದು ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ಬರುತ್ತೆ. ಆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಅನುಮತಿಯೋ ವಿನಾಯಿತಿಯೋ ಇಲ್ಲದ ಸಂಸ್ಥೆ ಆ ದುಡ್ಡು ಮುಟ್ಟುವ ಹಾಗಿಲ್ಲ. ಪ್ರತಿನಿಧಿಗಳು ಕಟ್ಟುವ ರಿಜಿಸ್ಟ್ರೇಷನ್ ಫೀಸಿನ ಲೆಕ್ಕ ಬೇರೆ, ಅದನ್ನು ದೇಣಿಗೆ ಅನ್ನುವುದಿಲ್ಲ. ಫೀಸಿನ ಮೇಲೆ ಜಿಎಸ್‌ಟಿ ಹೇಗೆ ಅಂತ ಸಂಸ್ಥೆಯ ಅಕೌಂಟ್ಸ್ ವಿಭಾಗವನ್ನು ಕೇಳಿ, ಫೀಸು ಪ್ರಕಟಿಸುವ ಮೊದಲೇ ಕೇಳಿ. ಸರ್ಕಾರಿ ನೆರವು ಪಡೆದಿದ್ದರೆ ಕೊನೆಯಲ್ಲಿ ದುಡ್ಡು ಹೇಗೆ ಖರ್ಚಾಯಿತು ಅನ್ನುವ ಯುಟಿಲೈಸೇಷನ್ ಸರ್ಟಿಫಿಕೇಟ್ ಕೊಡಬೇಕು. ಅದಕ್ಕೆ ಸಹಿ ಹಾಕುವವರು ದುಡ್ಡು ಇಟ್ಟುಕೊಂಡ ಸಂಸ್ಥೆಯವರು, ನೀವಲ್ಲ. ಸಮ್ಮೇಳನ ಮುಗಿದು ಎಲ್ಲರೂ ಮರೆತ ಮೇಲೆ ಈ ಕಾಗದಕ್ಕೆ ಅಲೆಯುವವರು ಮಾತ್ರ ನೀವು.

ಈವೆಂಟ್ ಕಂಪನಿಗಳ ಬಗ್ಗೆ ಒಂದೇ ಮಾತು. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಜೊತೆಗಾರರನ್ನಾಗಿ ಅಲ್ಲ. ಮದುವೆಯ ಅಳತೆ ದಾಟಿದರೆ ಅವರು ಬೇಕೇ ಬೇಕು.

ಸಾರ್ವಜನಿಕ ಉಪನ್ಯಾಸ ಇಡುವುದಾದರೆ ಅದನ್ನು ಸಮ್ಮೇಳನದ ಜಾಗದಲ್ಲಿ ಇಡಬೇಡಿ. ಬೆಂಗಳೂರಿನಲ್ಲಾದರೆ ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರು ಕಡೆ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯ. ಮಕ್ಕಳು, ಮೇಷ್ಟ್ರುಗಳು, ಹವ್ಯಾಸಿಗಳು ಅಲ್ಲಿಗೆ ಬಂದು ಹೋಗುವವರೇ. ಕನ್ನಡದಲ್ಲಿ ಮಾತಾಡಬಲ್ಲ ವಿಜ್ಞಾನಿಯೊಬ್ಬರನ್ನು ಅವತ್ತಿಗೆ ಒಪ್ಪಿಸಿ. ನಾನು ನೋಡಿದ ಸಮ್ಮೇಳನಗಳಲ್ಲಿ ಕುರ್ಚಿ ಸಾಲದೆ ಜನ ನೆಲದ ಮೇಲೆ ಕೂತದ್ದು ಇಂಥ ಸಂಜೆಗಳಲ್ಲಿ ಮಾತ್ರ.

ಮುಂದಿನ ಫೆಬ್ರವರಿಯಲ್ಲಿ ಸಮ್ಮೇಳನ ಅಂತಿದ್ದರೆ ಈ ವರ್ಷದ ಜನವರಿಯಲ್ಲೇ ಮೊದಲ ಭೇಟಿ ಮುಗಿಸಿ. ಸಂಕ್ರಾಂತಿ ಕಳೆದ ವಾರ ಒಳ್ಳೆಯದು. ನಿರ್ದೇಶಕರನ್ನು ಹತ್ತು ನಿಮಿಷ ನೋಡಿ. ಆಮೇಲೆ ಅಕೌಂಟ್ಸಿಗೆ ಹೋಗಿ, ಹಿಂದಿನ ಸಮ್ಮೇಳನದ ಲೆಕ್ಕ ಮುಗಿಯಲು ಎಷ್ಟು ತಿಂಗಳಾಯಿತು ಅಂತ ಕೇಳಿ. ಗೆಸ್ಟ್ ಹೌಸ್ ನೋಡಿಕೊಳ್ಳುವವರ ಫೋನ್ ನಂಬರ್ ಬರೆದುಕೊಳ್ಳಿ. ಸಭಾಂಗಣದ ಬಾಗಿಲು ತೆಗೆಸಿ ನೋಡುವುದು ಆಮೇಲೆ. ಆಗ ಮೈಕನ್ನೂ ಒಮ್ಮೆ ತಟ್ಟಿ ನೋಡಿ.